ಎಡಕ್ಕೆ ಸವೆದ ಕಸಬರಿಗೆ

ಮೊನ್ನೆ ಮನೆಗೆ ಬಂದಿದ್ದ ಗೆಳೆಯನೊಬ್ಬ ಚಹಾ ಕುಡಿಯುತ್ತ ಬಾಗಿಲ ಹಿಂದೆ ನೋಡಿದ. "ಅಲ್ಲೋ ಶಿವಪುತ್ರ, ನಿಮ್ಮ ಮನಿ ಕಸಬರಗಿ ಎಡಕ್ಕ ಸವದದಲ್ಲೋ!" ಎಂದ. ಅವನು ಬಡಿಗ. ನೆಟ್ಟಗಿರುವ ವಸ್ತು ಅವನ ಕಣ್ಣಿಗೆ ಬೀಳುವುದೇ ಇಲ್ಲ, ಓರೆಯಾಗಿರುವುದು ಮಾತ್ರ ಮೊದಲು ಬೀಳುತ್ತದೆ. ನಾನು "ಹ್ಞೂಂ, ಸವದದ. ಬಿಸ್ಕೀಟ್ ತಗೋ" ಎಂದು ಮಾತು ತಿರುಗಿಸಿದೆ. ಅಡುಗೆ ಮನೆಯಲ್ಲಿ ನನ್ನ ಹೆಂಡತಿ ಶರಣಮ್ಮ ನಕ್ಕಿದ್ದು ಇಬ್ಬರಿಗೂ ಕೇಳಿಸಿತು.

ನಮ್ಮ ಮನೆಯಲ್ಲಿ ಎಡಗೈಯವನು ನಾನೊಬ್ಬನೇ. ಇಷ್ಟು ಹೇಳಿದ ಮೇಲೆ ನಿಮಗೆ ಅರ್ಧ ಸಂಗತಿ ತಿಳಿದೇ ಹೋಯಿತು. ಉಳಿದರ್ಧವನ್ನೂ ನಾನೇ ಹೇಳಿಬಿಡುತ್ತೇನೆ. ಓಣಿಯವರ ಬಾಯಿಂದ ಕೇಳಿದರೆ ಅದರಲ್ಲಿ ಖಾರ ಜಾಸ್ತಿ ಇರುತ್ತದೆ.

ನಾನು ಕಲಬುರಗಿಯ ಕಪನೂರಿನಲ್ಲಿ ಪರಸಿ ಕಲ್ಲು ಕೊಯ್ದು ಮಾರುವವನು. ಶಹಾಬಾದ್ ಕಡೆಯಿಂದ ಬರುವ ಬೂದು ಬಣ್ಣದ ಹಾಸುಗಲ್ಲಿಗೆ ನಮ್ಮ ಕಡೆ ಪರಸಿ ಎನ್ನುತ್ತಾರೆ. ಏಳನೇ ಕ್ಲಾಸಿಗೆ ಸಾಲಿ ಬಿಟ್ಟು ಕಮಲಾಪುರದಿಂದ ಕಲಬುರಗಿಗೆ ಬಂದು, ಕಲ್ಲು ಹೊರುವುದರಿಂದ ಶುರು ಮಾಡಿ, ಇವತ್ತು ನನ್ನದೇ ಕೊಯ್ಯುವ ಮಷಿನ್ ಇಟ್ಟುಕೊಂಡಿದ್ದೇನೆ. ಈ ಊರಿನಲ್ಲಿ ಎಷ್ಟು ಜನ ನಾನು ಕೊಯ್ದ ಕಲ್ಲಿನ ಮೇಲೆ ಕೂತು ಉಣ್ಣುತ್ತಾರೋ ನನಗೇ ಗೊತ್ತಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ. ದುಡಿದವನು ಸ್ವಲ್ಪ ಜಂಬ ಇಟ್ಟುಕೊಂಡರೆ ಯಾರ ಗಂಟೇನೂ ಹೋಗುವುದಿಲ್ಲ.

ನಮ್ಮ ಮನೆ ಕಟ್ಟಿಸುವಾಗ ಒಂದೊಂದು ಕಲ್ಲನ್ನೂ ಬೆರಳಿನಿಂದ ಬಡಿದು, ಸದ್ದು ಕೇಳಿ ಆರಿಸಿ ತಂದಿದ್ದೆ. ಪಾಲಿಷ್ ಮಾಡಿಸಲಿಲ್ಲ. ಕಲ್ಲು ಅಂದರೆ ಕಲ್ಲಿನ ಹಾಗೆ ಕಾಣಬೇಕು, ಅದರ ಮೈಮೇಲಿನ ಏರು ತಗ್ಗು ಕಾಲಿಗೆ ಹತ್ತಬೇಕು ಎಂದು ನನ್ನ ವಾದ. ನಡೆಯುವವರಿಗೆ ಅದು ಸರಿ. ಒರೆಸುವವರಿಗೆ ಅದೇ ಏರು ತಗ್ಗಿನಲ್ಲಿ ಜೋಳದ ಹಿಟ್ಟು ಕೂರುತ್ತದೆ, ಎರಡು ಕಲ್ಲಿನ ಸಂದಿನಲ್ಲಿ ಸಾಸಿವೆ ಸೇರುತ್ತದೆ, ಶೇಂಗಾ ಸಿಪ್ಪೆಯ ಕೆಂಪು ಪೊರೆ ಸೇರುತ್ತದೆ. ಶರಣಮ್ಮ ಒಮ್ಮೆ ಹೇರ್‌ಪಿನ್ನಿನಿಂದ ಸಂದು ಕೆದರುತ್ತ, "ನಿಮ್ಮ ಪರಸಿ ಒಳಗ ಒಂದು ಕಿರಾಣಿ ಅಂಗಡಿ ಅದ ನೋಡ್ರಿ. ಒಗ್ಗರಣಿಗೆ ಸಾಕಾಗ್ತದ" ಎಂದಿದ್ದಳು.

ಅವಳಿಗೆ ಟೈಲ್ಸ್ ಬೇಕು. ಜೇವರ್ಗಿ ಕಾಲೋನಿಯಲ್ಲಿ ಒಬ್ಬರ ಮನೆಗೆ ಅಡುಗೆ ಕಟ್ಟೆಯ ಕಲ್ಲು ಕೂರಿಸಲು ಹೋದಾಗ, ಕಟ್ಟೆಯ ಎತ್ತರ ಹೆಂಗಸರ ಕಣ್ಣಿಗೆ ಗೊತ್ತಾಗುತ್ತದೆ ಎಂದು ಅವಳನ್ನೂ ಕರೆದುಕೊಂಡು ಹೋಗಿದ್ದೆ. ಅದೇ ನನ್ನ ತಪ್ಪು. ಆ ಮನೆಯ ನೆಲ ಹಾಲು ಚೆಲ್ಲಿದ ಹಾಗೆ ಬಿಳುಪು. ಅದರ ಮೇಲೆ ರೊಟ್ಟಿಯಂಥ ಗುಂಡನೆಯ ಯಂತ್ರವೊಂದು ತನ್ನಷ್ಟಕ್ಕೆ ತಾನೇ ಕಸ ಹೊಡೆಯುತ್ತ ಓಡಾಡುತ್ತಿತ್ತು. ಮನೆಯೊಡತಿ ಪಾಪ, ಅದರ ಮುಂದೆ ಮುಂದೆ ಓಡಿ ಕುರ್ಚಿ ಸರಿಸುವುದು, ವೈರು ಎತ್ತುವುದು, ಕಾಲೊರಸು ತೆಗೆಯುವುದು ಮಾಡುತ್ತಿದ್ದರು. ಮದುಮಗನ ಕುದುರೆ ಮುಂದೆ ದಾರಿ ಬಿಡಿಸುವವರ ಹಾಗೆ. ನಾನು ಯಂತ್ರ ನೋಡಿ ನಕ್ಕೆ. ಶರಣಮ್ಮ ನೆಲ ನೋಡಿ ನಿಟ್ಟುಸಿರು ಬಿಟ್ಟಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಟೈಲ್ಸ್ ಎಂಬ ಮಾತು ಊಟಕ್ಕೆ ಉಪ್ಪಿನಕಾಯಿಯಂತೆ ದಿನವೂ ಬರತೊಡಗಿತು.

ನನ್ನ ಕಷ್ಟ ನೀವೇ ಯೋಚಿಸಿ. ಪರಸಿ ಶಿವಪುತ್ರ ಎಂದು ಹೆಸರಾದವನ ಮನೆಗೇ ಟೈಲ್ಸ್ ಬಂದರೆ ಕಪನೂರಿನಲ್ಲಿ ನಾನು ಯಾವ ಮುಖ ಇಟ್ಟುಕೊಂಡು ಕಲ್ಲು ಮಾರಲಿ? ಮಿಠಾಯಿ ಅಂಗಡಿಯವನು ತನ್ನ ಮಗಳ ಮದುವೆಗೆ ಬೇರೆ ಅಂಗಡಿಯ ಲಾಡು ತರಿಸಿದ ಹಾಗಾಗುತ್ತದೆ.

ಹೋದ ವರ್ಷ ಮಹಾನವಮಿ ಹತ್ತಿರ ಬಂದಾಗ ಈ ಜಗಳಕ್ಕೆ ಒಂದು ಗತಿ ಕಾಣಿಸುವ ಸಂದರ್ಭ ಬಂತು. ನಮ್ಮ ಕಡೆ ನವಮಿಗೆ ಮುಂಚೆ ಮನೆಯನ್ನು ತಲೆಕೆಳಗು ಮಾಡಿ ತೊಳೆಯಬೇಕು. ಗೋಡೆಗೆ ಸುಣ್ಣ, ಪಾತ್ರೆಗೆ ಹುಣಸೆಹಣ್ಣು, ಹಾಸಿಗೆಗೆ, ಹಳೆ ಸೀರೆ ಸೇರಿಸಿ ಹೊಲಿದ ಕೌದಿಗೆಲ್ಲ ನೀರು. ಆ ಸಲ ಕಮಲಾಪುರದ ನಮ್ಮ ಮನೆಯಲ್ಲಿ ಅತ್ತಿಗೆ ಕೈ ಉಳುಕಿಸಿಕೊಂಡರು. ಕೌದಿ ಒಗೆಯಲು ಅವ್ವನ ಜೊತೆ ಇನ್ನೊಂದು ಜೋಡಿ ಕೈ ಬೇಕಾಯಿತು. ಶರಣಮ್ಮ ಚೀಲ ಕಟ್ಟಿಕೊಂಡಳು.

"ಮತ್ತ ಈ ಮನಿ ಸ್ವಚ್ಛ ಯಾರ್ ಮಾಡ್ತಾರ?" ಎಂದೆ.

"ನೀವ್ ಮಾಡ್ರಿ."

"ನಾನಾ?"

"ಯಾಕ, ಪರಸಿ ಒರಸೋದು ಏನ್ ದೊಡ್ಡ ಕೆಲಸ ಅಂತ ದಿನಾ ಅಂತೀರಲ್ಲ. ಒರಸ್ರಿ. ನಾ ವಾಪಸ್ ಬಂದಾಗ ನೆಲ ಸ್ವಚ್ಛ ಇದ್ರ ಟೈಲ್ಸ್ ಅನ್ನೋ ಮಾತು ಈ ಜನ್ಮದಾಗ ಎತ್ತಂಗಿಲ್ಲ. ಸ್ವಚ್ಛ ಇರ್ಲಿಲ್ಲಂದ್ರ ದೀಪಾವಳಿ ಒಳಗ ಟೈಲ್ಸ್ ಬರಬೇಕು. ಒಪ್ಪಿಗಿ ಅದ ಏನ್ರಿ?"

ಕಲ್ಲು ಬಂಡೆಗಳನ್ನೇ ಎತ್ತಿದ ತೋಳು ನನ್ನದು. ಹಿಡಿ ಹುಲ್ಲಿನ ಕಸಬರಿಗೆ ಯಾವ ಲೆಕ್ಕ? "ಒಪ್ಪಿಗಿ" ಎಂದೆ. ಪಕ್ಕದ ಮನೆಯ ರಜಿಯಾ ಆಪಾ ಗೋಡೆಯಾಚೆಯಿಂದ "ನಾ ಸಾಕ್ಷಿ ಇದ್ದೀನಿ ಭಾಯಿ!" ಎಂದು ಕೂಗಿದರು. ನಮ್ಮ ಓಣಿಯಲ್ಲಿ ಗೋಡೆಗಳಿರುವುದು ಬಟ್ಟೆ ಒಣಗಿಸಲು ಮಾತ್ರ.

ಶರಣಮ್ಮ ಬೆಳಗಿನ ಬಸ್ಸಿಗೆ ಹೋದಳು. ಯಾರಾದರೂ ಊರಿಗೆ ಹೊರಟ ಬೆನ್ನಿಗೇ ಕಸ ಹೊಡೆಯಬಾರದು ಎಂದು ಶಾಸ್ತ್ರವಿದೆ. ಶಾಸ್ತ್ರ ಮೀರುವವನು ನಾನಲ್ಲ. ಆರಾಮಾಗಿ ಅಂಗಡಿಗೆ ಹೋದೆ. ಸಂಜೆ ಫೋನ್ ಬಂತು.

"ಕಸ ಹೊಡದ್ರೇನು?"

"ನೀ ಹೋದ ಬೆನ್ನಿಗೇ ಹ್ಯಾಂಗ ಹೊಡೀಬೇಕು? ಒಳ್ಳೇದಲ್ಲ."

"ನಾ ಊರು ಮುಟ್ಟಿ ಊಟ ಮಾಡಿ ಎರಡು ಕೌದಿ ಒಗದೀನಿ!"

"ಆಗ ಅಂಗಡ್ಯಾಗ ಇದ್ದೆ. ಈಗ ದೀಪ ಹಚ್ಚೀನಿ. ದೀಪ ಹಚ್ಚಿದ ಮ್ಯಾಲೆ ಕಸ ಹೊಡದ್ರ ಲಕ್ಷ್ಮಿ ಹೊರಗ ಹೋಗ್ತಾಳ ಅಂತ ನೀನೇ ಹೇಳ್ತಿ."

ಅವಳು ಶಾಂತವಾಗಿ, "ಟೈಲ್ಸ್ ಬಿಳೀವು ಬ್ಯಾಡ. ಥೋಡೆ ಹಳದಿ ಬಣ್ಣದ್ದು ನೋಡಿ ಇಡ್ರಿ" ಎಂದು ಫೋನ್ ಇಟ್ಟಳು.

ಮರುದಿನ ಹೊತ್ತು ಏರುವ ಮೊದಲೇ ಕಸಬರಿಗೆ ಹಿಡಿದೆ.

ನನ್ನ ಕಡೆಯಿಂದ ಒಂದು ಮಾತು ಹೇಳಲೇಬೇಕು. ನಾನು ಈ ವಿದ್ಯೆ ಕಲಿಯದೆ ಇದ್ದದ್ದಕ್ಕೆ ನಮ್ಮ ಸಾಲಿಯೇ ಕಾರಣ. ಕಮಲಾಪುರದ ಸಾಲಿಯಲ್ಲಿ ಶನಿವಾರ ಕ್ಲಾಸು ಸ್ವಚ್ಛ ಮಾಡುವಾಗ ಹುಡುಗರು ನೀರು ಹೊಡೆಯುವುದು, ಹುಡುಗಿಯರು ಕಸ ಹೊಡೆಯುವುದು ಎಂದು ಮಾಸ್ತರು ಹಂಚಿಬಿಟ್ಟಿದ್ದರು. ನಾವು ಕೊಡ ಹಿಡಿದು ಧೂಳಿಗೆ ಕಡಿಮೆ, ಒಬ್ಬರ ಚಡ್ಡಿಗೊಬ್ಬರು ಜಾಸ್ತಿ ನೀರು ಹೊಡೆದು ಓಡುತ್ತಿದ್ದೆವು. ನಾನು ಆ ಸಾಲಿಯಲ್ಲಿ ಪೂರ್ತಿ ಕಲಿತದ್ದು ಅದೊಂದೇ. ಮುಂದೆ ಮದುವೆಯಾದ ಮೇಲೂ ಹಬ್ಬದ ದಿನ ಒಂದು ಬಕೆಟ್ ನೀರು ನೆಲಕ್ಕೆ ಸುರುವಿ, "ಅರ್ಧ ಕೆಲಸ ಮಾಡಿಕೊಟ್ಟೀನಿ ನೋಡು" ಎಂದು ಹೊರಗೆ ಹೋಗುತ್ತಿದ್ದೆ.

ಈಗ ಉಳಿದರ್ಧ ಏನೆಂದು ತಿಳಿಯಿತು. ಕಸ ಎನ್ನುವುದು ನಾವು ಅಂದುಕೊಂಡಷ್ಟು ಮಂದಬುದ್ಧಿಯದಲ್ಲ. ಗುಡಿಸಿ ಒಂದು ಕಡೆ ಗುಡ್ಡೆ ಮಾಡಿ ಮೊರ ತರಲು ಹೋದರೆ, ಬರುವಷ್ಟರಲ್ಲಿ ಅದು ಅರ್ಧ ದಾರಿ ವಾಪಸ್ ಹೋಗಿರುತ್ತದೆ. ಮೊರದೊಳಕ್ಕೆ ತಳ್ಳಿದಾಗ ಎಲ್ಲ ಹೋಗುತ್ತದೆ, ಮೊರದ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಒಂದು ಗೆರೆ ಮಾತ್ರ ಉಳಿಯುತ್ತದೆ. ಮೊರವನ್ನು ಹಿಂದಕ್ಕೆ ಎಳೆದು ಮತ್ತೆ ತಳ್ಳಿದರೆ ಮತ್ತೆ ಗೆರೆ. ಹೀಗೆ ನಾನು ನಡುಮನೆಯಿಂದ ಹಿಂದೆ ಹಿಂದೆ ಸರಿಯುತ್ತ ಹಿತ್ತಿಲ ಬಾಗಿಲು ದಾಟಿದೆ. ಗೆರೆ ನನ್ನ ಜೊತೆಗೇ ಬಂತು. ಕೊನೆಗೆ ಅದನ್ನು ಬಾಯಿಂದ ಊದಿದೆ. ಅದು ಒಳಗೆ ಹೋಯಿತು.

ರಜಿಯಾ ಆಪಾ ಗೋಡೆಯ ಮೇಲಿಂದ ನೋಡುತ್ತಿದ್ದರು. "ಕ್ಯಾ ಭಾಯಿ, ಕಸಾ ಹೊರಗ ಹೋಗಾಕ ವಲ್ಲೆ ಅನ್ನಾಕತ್ತದೇನು?"

"ಬೀಳ್ಕೊಡಾಕತ್ತೀನಿ ಆಪಾ."

"ಪಂಖಾ ಒರಸೀರಿ? ಮೊದ್ಲು ಪಂಖಾ, ಆಮ್ಯಾಲೆ ನೆಲಾ."

ಫ್ಯಾನ್ ಒರೆಸಿದೆ. ಅದರ ರೆಕ್ಕೆಯ ಮೇಲಿದ್ದ ಧೂಳೆಲ್ಲ ಕಂಬಳಿಯಂತೆ ನೆಲಕ್ಕೆ ಬಿತ್ತು, ಸ್ವಲ್ಪ ನನ್ನ ಕಣ್ಣಿಗೆ ಬಿತ್ತು. ಮತ್ತೆ ಗುಡಿಸಿದೆ. ಗೆರೆ ಮತ್ತೆ ಬಂತು.

ಆಮೇಲೆ ಒರೆಸುವುದು. ಪರಸಿ ಹಾಕುವಾಗ ಒಳಗಿನ ಮೂಲೆಯಿಂದ ಶುರು ಮಾಡಿ ಬಾಗಿಲಿಗೆ ಬರಬೇಕು, ಇಲ್ಲದಿದ್ದರೆ ಹಸಿ ಕೆಲಸದ ಮೇಲೆ ಕಾಲಿಡಬೇಕಾಗುತ್ತದೆ. ಇದನ್ನು ಎಷ್ಟೋ ಜನರಿಗೆ ಬೈದು ಕಲಿಸಿದವನು ನಾನು. ಅಂಥ ನಾನು ಬಾಗಿಲಿಂದ ಒರೆಸುತ್ತ ಒಳಕ್ಕೆ ಹೋಗಿ ದೇವರ ಮೂಲೆಯಲ್ಲಿ ಸಿಕ್ಕಿಕೊಂಡೆ. ಸುತ್ತಲೂ ಒದ್ದೆ ನೆಲ. ಹಾಲಿನವನು ಬಂದು, ಯಾರೂ ಕಾಣದೆ, ಹಾಲಿನ ಪಾತ್ರೆ ಹುಡುಕುತ್ತ ಧೂಳಿನ ಕಾಲಿನಲ್ಲೇ ನಡುಮನೆಗೆ ನುಗ್ಗಿದ. ನಾನು ದೇವರ ಮುಂದೆ ಕೂತು ಕಿರುಚಿದ ಕಿರುಚಿಗೆ ಅವನು ಕ್ಯಾನ್ ಅಲ್ಲೇ ಬಿಟ್ಟು ಹೊರಗೆ ಜಿಗಿದ.

ಕಿರುಚಿದ ಮೇಲೆ ನನಗೇ ಆಶ್ಚರ್ಯವಾಯಿತು. ಅದು ನಮ್ಮವ್ವನ ದನಿ. ಕಮಲಾಪುರದ ನಮ್ಮ ಹಳೆಯ ಮನೆಯಲ್ಲಿ ಮಣ್ಣಿನ ನೆಲ. ಅವ್ವ ಸಗಣಿಯಿಂದ ಸಾರಿಸಿದ ದಿನ ಅದು ಆರುವವರೆಗೆ ನಾವು ಮಕ್ಕಳು ಹೊರಗೆ ಕಟ್ಟೆಯ ಮೇಲೆ ಕಾಗೆಗಳ ಹಾಗೆ ಸಾಲಾಗಿ ಕೂತು ರೊಟ್ಟಿ ತಿನ್ನಬೇಕು. ಅಪ್ಪ ಹೊಲದಿಂದ ಬಂದರೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ಗೋಡೆಗೆ ಒಂದು ಕೈ ಹಚ್ಚಿ, ಗೋಡೆಯ ಬುಡದಲ್ಲೇ ಪಾದ ಅಡ್ಡಡ್ಡ ಇಡುತ್ತ ಒಳಗೆ ಹೋಗುತ್ತಿದ್ದ. ಊರಲ್ಲಿ ಎದೆ ಸೆಟೆಸಿ ನಡೆಯುವ ಮನುಷ್ಯ, ಮನೆಯೊಳಗೆ ಹಲ್ಲಿಯ ಹಾಗೆ ಗೋಡೆ ಹಿಡಿಯುವುದು ನೋಡಿ ನಾವು ಮುಸಿಮುಸಿ ನಗುತ್ತಿದ್ದೆವು. ಅವನು ಕೈ ಹಚ್ಚಿ ಹಚ್ಚಿ ಸುಣ್ಣದ ಗೋಡೆಯ ಮೇಲೆ ಉದ್ದಕ್ಕೂ ಒಂದು ಕರಿ ಗೆರೆ ಬೀಳುತ್ತಿತ್ತು. ಅವ್ವ ಪ್ರತಿ ನವಮಿಗೆ ಅದರ ಮೇಲೆ ಸುಣ್ಣ ಬಳಿಯುತ್ತಿದ್ದಳು. ಮುಂದಿನ ನವಮಿಯ ಹೊತ್ತಿಗೆ ಗೆರೆ ಮತ್ತೆ ಬಂದಿರುತ್ತಿತ್ತು. ಅಪ್ಪ ಯಾಕೆ ಹಾಗೆ ನಡೆಯುತ್ತಿದ್ದ ಎಂದು ಹಾಲಿನವನ ಹೆಜ್ಜೆಗಳನ್ನು ನೋಡುತ್ತ ಕೂತಾಗ ನನಗೆ ಗೊತ್ತಾಯಿತು.

ಇರಲಿ. ನೆಲ ಸ್ವಚ್ಛವೇನೋ ಆಯಿತು. ಆದರೆ ಒಣಗಿದ ಮೇಲೆ ನೋಡಿದರೆ ಬೂದಿ ಬಳಿದ ಹಾಗೆ ಕಳೆಯಿಲ್ಲ. ಒದ್ದೆಯಾಗಿದ್ದಾಗ ಪರಸಿ ಮಳೆಮೋಡದ ಬಣ್ಣಕ್ಕಿರುತ್ತದೆ, ಒಣಗಿದರೆ ಸನ್ಯಾಸಿಯಾಗುತ್ತದೆ. ಶರಣಮ್ಮ ಬಾಗಿಲಲ್ಲಿ ಕಾಲಿಟ್ಟ ಕೂಡಲೆ ಬೆರಗಾಗಬೇಕು ಎಂದು ನನಗೆ ಹಟ. ಆಗ ಅಂಗಡಿಯ ಒಂದು ಉಪಾಯ ನೆನಪಾಯಿತು. ಗಿರಾಕಿ ಬಂದಾಗ ನಾವು ತೋರಿಸುವ ಕಲ್ಲಿನ ಮೇಲೆ ಎಣ್ಣೆಯ ಅರಿವೆ ಆಡಿಸುತ್ತೇವೆ. ಕಲ್ಲು ಕರ್ರಗೆ ಮಿಂಚುತ್ತದೆ, ಗಿರಾಕಿಯ ಕಣ್ಣೂ ಮಿಂಚುತ್ತದೆ. ಒಂದು ಕಲ್ಲಿಗೆ ಆಗುವುದು ಇಡೀ ಮನೆಗೆ ಯಾಕೆ ಆಗಬಾರದು?

ಅಡುಗೆ ಮನೆಯಲ್ಲಿದ್ದ ಕುಸುಬಿ ಎಣ್ಣೆಯ ಡಬ್ಬಿ ತಂದೆ. ಹಳೇ ಬನಿಯನ್ನು ಅದ್ದಿ ತಿಕ್ಕಿದೆ. ಈ ಸಲ ಒಳಗಿನ ಮೂಲೆಯಿಂದಲೇ ಶುರು ಮಾಡಿದೆ, ಅಷ್ಟು ಬುದ್ಧಿ ಬಂದಿತ್ತು. ಮುಗಿಸಿ ಹೊಸ್ತಿಲಲ್ಲಿ ನಿಂತು ನೋಡಿದರೆ, ಆಹಾ, ಮೈ ತೊಳೆದ ಎಮ್ಮೆಯ ಹಾಗೆ ನನ್ನ ನೆಲ ಹೊಳೆಯುತ್ತಿತ್ತು. ನನ್ನ ಮುಖವೇ ಕಾಣಿಸಿತು. ಯಾವ ಟೈಲ್ಸೂ ಇದರ ಮುಂದೆ ನಿಲ್ಲುವುದಿಲ್ಲ ಎಂದುಕೊಂಡು, ಎಣ್ಣೆ ಆರಲಿ ಎಂದು ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟು ಚಹಾ ಕುಡಿಯಲು ಹೋದೆ.

ಅದೇ ಹೊತ್ತಿಗೆ ರಜಿಯಾ ಆಪಾ ತಮ್ಮ ಮನೆಯ ಗಾದಿಗಳ ಹತ್ತಿ ಹಿಂಜಿಸಲು ಮಷಿನ್ ಗಾಡಿಯವನನ್ನು ಕರೆಸಿದ್ದರು. ಗಾಡಿ ನಿಂತದ್ದು ನಮ್ಮ ಕಿಟಕಿಯ ಎದುರಿಗೆ.

ಚಹಾ ಕುಡಿದು ಬಂದೆ. ಓಣಿಯ ತುಂಬ ಹತ್ತಿ ಹಾರುತ್ತಿತ್ತು. ಹಾರಿದ್ದು ಹಾರಿ ಹೋಗಬೇಕಲ್ಲ, ನಮ್ಮ ಮನೆಗೆ ಬಂದದ್ದು ಮಾತ್ರ ಎಣ್ಣೆಗೆ ಅಂಟಿ ಕೂತಿತ್ತು. ಬಾಗಿಲಲ್ಲಿ ನಿಂತು ನೋಡಿದೆ. ನನ್ನ ಎಮ್ಮೆ ಕುರಿಯಾಗಿತ್ತು.

ಕಸಬರಿಗೆ ಆಡಿಸಿದರೆ ಹತ್ತಿ ಏಳಲಿಲ್ಲ, ಕಸಬರಿಗೆಯೇ ಎಣ್ಣೆ ಕುಡಿಯಿತು. ನೀರು ಹಾಕಿದರೆ ಮುತ್ತಾಗಿ ಉರುಳಿತು. ನಾನು ಎರಡು ಸಲ ಉರುಳಿದೆ. ಮರುದಿನ ಮಧ್ಯಾಹ್ನದ ಬಸ್ಸಿಗೆ ಶರಣಮ್ಮ ಬರುವವಳು. ಕಣ್ಣ ಮುಂದೆ ಹಳದಿ ಟೈಲ್ಸ್ ಸಾಲಾಗಿ ಕುಣಿದವು. ಬೇರೆ ದಾರಿ ಕಾಣದೆ ಅಣ್ಣನ ಮೊಬೈಲಿಗೆ ಫೋನ್ ಹಚ್ಚಿ, ಅವ್ವನ ಕೈಗೆ ಕೊಡು ಎಂದೆ.

"ಅವ್ವಾ, ಸಣ್ಣಗ ಮಾತಾಡು. ನೆಲಕ್ಕ ಎಣ್ಣಿ ಹಚ್ಚೀನಿ. ಹೋಗವಲ್ದು."

"ಏನ್ ಹಚ್ಚಿದಿ?"

"ಎಣ್ಣಿ. ಕುಸುಬಿ ಎಣ್ಣಿ."

"ನೆಲಕ್ಕ?" ಅವ್ವನ ದನಿ ಅರ್ಧ ಕಮಲಾಪುರ ದಾಟಿತು. "ನೆಲ ಏನ್ ಬಾಣಂತಿ ಅಂತ ತಿಳದ್ಯೇನೋ ಶಿವ್ಯಾ, ಎಣ್ಣಿ ಹಚ್ಚಾಕ?"

"ಸಣ್ಣಗ, ಅವ್ವಾ. ಶರಣಮ್ಮಗ ಕೇಳ್ತದ."

"ಆಕಿ ಹಿತ್ತಲದಾಗ ಕೌದಿ ಒಣಾ ಹಾಕಾಕತ್ಯಾಳ. ನಾ ಯಾರಿಗೂ ಹೇಳಂಗಿಲ್ಲ. ಎಣ್ಣಿ ಹಚ್ಚೀದಿ, ಇನ್ನ ಎರಿ. ಕಡ್ಲಿ ಹಿಟ್ಟು ಹಚ್ಚಿ ತಿಕ್ಕು, ಸೀಗಿಕಾಯಿ ಹಾಕು, ಬಿಸಿ ನೀರು ಸುರುವು. ಮತ್ತ ಲೋಬಾನದ ಹೊಗಿ ಹಾಕಿ ತೊಟ್ಟಲದಾಗ ಮಲಗಸು!"

ಆ ಮಾತಿನ ಹಿಂದೆ ಯಾರೋ ಸೆರಗು ಬಾಯಿಗಿಟ್ಟು ನಕ್ಕ ಸದ್ದಾಯಿತು. ಅತ್ತಿಗೆ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನೆಲಕ್ಕೆ ಕೂಸಿನ ಹಾಗೆ ನೀರೆರೆದೆ. ಖರೆ ಹೇಳುತ್ತೇನೆ, ಈಗ ಹಾಸ್ಟೆಲಿನಲ್ಲಿರುವ ನನ್ನ ಮಕ್ಕಳು ಕೂಸಾಗಿದ್ದಾಗಲೂ ಅಷ್ಟು ಕಾಳಜಿಯಿಂದ ಎರೆದವನಲ್ಲ. ಒಂದೊಂದು ಕಲ್ಲಿಗೂ ಕಡಲೆ ಹಿಟ್ಟು ಹಚ್ಚಿ, ಮಂಡಿಯೂರಿ ತಿಕ್ಕಿ, ಸೀಗೆಕಾಯಿ ನೊರೆ ಮಾಡಿ, ಬಿಸಿ ನೀರಿನಿಂದ ತೊಳೆದೆ. ಹತ್ತಿ ಹೋಯಿತು, ಎಣ್ಣೆ ಹೋಯಿತು. ಯಾವ ಕಲ್ಲಿಗೆ ಮೂಲೆಯಲ್ಲಿ ಸಣ್ಣ ಸೀಳಿದೆ, ಯಾವುದರ ಮೈಯಲ್ಲಿ ಎಲೆಯಂಥ ಕಂದು ಚಿತ್ರವಿದೆ, ಇಷ್ಟು ವರ್ಷ ಆ ಮನೆಯಲ್ಲಿದ್ದು ನಾನು ಅವತ್ತೇ ನೋಡಿದ್ದು. ನನ್ನ ಕಲ್ಲುಗಳನ್ನು ನನಗಿಂತ ಚೆನ್ನಾಗಿ ಶರಣಮ್ಮ ಬಲ್ಲಳು ಎನ್ನುವುದೂ ಅವತ್ತೇ ಹೊಳೆಯಿತು. ಅವಳು ದಿನಾ ಅವುಗಳ ಜೊತೆ ಮೊಣಕಾಲ ಮೇಲೆ ಮಾತಾಡಿದವಳು.

ಮರುದಿನ ಅವಳು ಬಂದಳು. ಒಂದು ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚೀಲ, ಇನ್ನೊಂದರಲ್ಲಿ ಅವ್ವ ಕೊಟ್ಟ ಒಗೆದ ಕೌದಿ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದು, ನಡುಮನೆಯಲ್ಲಿ ನಿಂತು ಮೂಗು ಎಳೆದಳು.

"ಮನ್ಯಾಗ ಎಳೀ ಕೂಸು ಅದ ಏನ್ರಿ? ಎರದಂಗ ವಾಸನಿ ಬರಾಕತ್ತದ."

ನಾನು ಅವಳ ಕೈಯಿಂದ ಬಾಳೆಹಣ್ಣಿನ ಚೀಲ ತೆಗೆದುಕೊಂಡೆ.

"ತೊಟ್ಟಲದಾಗ ಮಲಗಿಸೀರೇನು ಮತ್ತ?" ಎಂದು ಅವಳು ನಗಲು ಶುರು ಮಾಡಿದವಳು ಕಂಬ ಹಿಡಿದು ಕೂತಳು. ಗೋಡೆಯಾಚೆಯಿಂದ ರಜಿಯಾ ಆಪಾನ ನಗುವೂ ಬಂತು. ಅವ್ವ ಯಾರಿಗೂ ಹೇಳಿರಲಿಲ್ಲ, ಎಲ್ಲರಿಗೂ ಕೇಳಿಸಿತ್ತು ಅಷ್ಟೆ.

"ನಗೋದು ಇರ್ಲಿ. ನೆಲ ಸ್ವಚ್ಛ ಅದನೋ ಇಲ್ಲೋ, ಅಷ್ಟು ಹೇಳು" ಎಂದೆ.

ಅವಳು ಬಗ್ಗಿ ಬೆರಳಿನಿಂದ ತೋರಿಸಿದಳು. ಕಲ್ಲು ಸ್ವಚ್ಛವಿತ್ತು. ಆದರೆ ಸಂದಿನಲ್ಲಿ ಉಳಿದಿದ್ದ ಕಡಲೆ ಹಿಟ್ಟಿಗೆ ಇರುವೆ ಬಂದಿದ್ದವು. ಪ್ರತಿ ಸಂದಿನ ಗುಂಟ, ಒಂದು ಕಲ್ಲೂ ಬಿಡದ ಹಾಗೆ, ಪೆನ್ಸಿಲ್ಲಿನಿಂದ ಗೆರೆ ಎಳೆದಂತೆ ಸಾಲು ಹೊರಟಿದ್ದವು. ಇಡೀ ನೆಲದ ನಕಾಶೆ ಬರೆದಿದ್ದವು. ನಾನು ಎಷ್ಟು ನೆಟ್ಟಗೆ ಕಲ್ಲು ಕೂರಿಸಿದ್ದೇನೆ ಎಂದು ಆ ಹೊತ್ತಿನಲ್ಲೂ ನನಗೆ ಒಂದು ಹೆಮ್ಮೆ ಬಂದದ್ದು ಸುಳ್ಳಲ್ಲ. ಆದರೆ ಸೋತದ್ದೂ ಸುಳ್ಳಲ್ಲ.

ಮಾತು ಕೊಟ್ಟ ಮೇಲೆ ಮುಗಿಯಿತು. ಹಬ್ಬ ಕಳೆದ ಮೇಲೆ ಟೈಲ್ಸ್ ಅಂಗಡಿಗೆ ಹೋದೆ. ಗುರುತಿನವರು ಯಾರೂ ನೋಡದಿರಲಿ ಎಂದು ಟವೆಲ್ ತಲೆಗೆ ಸುತ್ತಿಕೊಂಡಿದ್ದೆ. ನಮೂನೆಗೆ ಒಂದು ಹಳದಿ ಟೈಲ್ಸ್ ತಂದು, ಟೇಪು ಹಿಡಿದು ನನ್ನ ಮನೆಯನ್ನು ನಾನೇ ಅಳತೆ ಮಾಡತೊಡಗಿದೆ. ಮಧ್ಯಾಹ್ನ ಕರೆಂಟು ಹೋಗಿತ್ತು. ಶರಣಮ್ಮ ಊಟ ಮಾಡಿ ಬರೀ ನೆಲದ ಮೇಲೆ ಮಲಗಿದ್ದಳು. ನನ್ನ ಟೇಪು ಅವಳ ಕಾಲಿನ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಏನ್ ಮಾಡಾಕತ್ತೀರಿ?"

"ಅಳತಿ. ಥೋಡೆ ಆ ಕಡಿ ಸರಿ."

"ಆ ಟೈಲ್ಸ್ ವಾಪಸ್ ಕೊಟ್ಟ ಬರ್ರಿ."

ನಾನು ಟೇಪು ಬಿಟ್ಟೆ. ಅದು ಸರ್ರನೆ ಸುತ್ತಿಕೊಂಡು ನನ್ನ ಬೆರಳಿಗೆ ಬಡಿಯಿತು. "ಯಾಕ? ಸೋತೀನಲ್ಲ ನಾನು?"

"ಸೋತೀರಿ, ಖರೆ. ಆದ್ರ ನನಗ ಟೈಲ್ಸ್ ಬೇಕಾಗಿದ್ದು ಒರಸೋದು ನಾನು ಅಂತ. ಇಷ್ಟು ಛಂದ ಎರಿಯೋರು ಮನ್ಯಾಗೇ ಇದ್ದಾರಂದ್ರ ಪರಸಿ ಇದ್ರೇನು, ಟೈಲ್ಸ್ ಇದ್ರೇನು?" ಎಂದು ಮಗ್ಗುಲು ಬದಲಿಸಿದಳು. "ಪರಸಿ ನಿಮ್ದು, ಕಸಬರಗಿನೂ ನಿಮ್ದು. ಮಲಗೋದು ಅಷ್ಟ ನಂದು. ತಣ್ಣಗ ಅದ."

ಹಾಗೆ ನನ್ನ ಕಲ್ಲು ಉಳಿಯಿತು, ಕಸಬರಿಗೆ ನನ್ನ ಕೈಗೆ ಹತ್ತಿತು. ಕಪನೂರಿನಲ್ಲಿ ಮೊದಲಿನ ಹಾಗೇ ತಲೆ ಎತ್ತಿ ಕಲ್ಲು ಮಾರುತ್ತೇನೆ. ಪಾಲಿಷ್ ಬೇಡ ಎನ್ನುವ ಗಿರಾಕಿಗೆ, ಮನೆಯಲ್ಲಿ ನೆಲ ಒರೆಸುವವರು ಯಾರು, ಅವರನ್ನೂ ಕರೆದುಕೊಂಡು ಬನ್ನಿ ಎಂದು ಹೇಳುವುದು ಮಾತ್ರ ಹೊಸದು.

ಈಚೆಗೆ ಒಂದು ದಿನ ಅಂಗಡಿಗೆ ಬೇಗ ಹೋಗಬೇಕಿತ್ತು. ಶರಣಮ್ಮ ತಾನೇ ಕಸಬರಿಗೆ ತೆಗೆದುಕೊಂಡು ಎರಡು ಸಲ ಬೀಸಿ ನೋಡಿ, ನನ್ನ ಕೈಗೆ ವಾಪಸ್ ಕೊಟ್ಟಳು. "ಇದು ಪೂರಾ ನಿಮ್ಮ ಕೈಗೆ ಬಗ್ಗೇದ್ರಿ. ನನಗ ಕೂಡಂಗಿಲ್ಲ."

"ನಿನಗೊಂದು ಹೊಸಾದು ತರ್ತೀನಿ."

"ಯಾಕ, ಇದು ಇನ್ನಾ ಗಟ್ಟಿ ಅದಲ್ಲ" ಎಂದು ಒಳಗೆ ಹೋದಳು.

ಗುಡಿಸಿ ಒರೆಸಿ, ಹೊಸ್ತಿಲಿಗೆ ಬಂದು ಬೆನ್ನು ನೆಟ್ಟಗೆ ಮಾಡಿದೆ. ಶರಣಮ್ಮ ನನಗೆ ಚಹಾ ತರುತ್ತಿದ್ದಳು. ನಡುಮನೆ ಇನ್ನೂ ಒದ್ದೆ. ಅವಳು ಒಂದು ಕೈಯಲ್ಲಿ ಕಪ್ಪು ಹಿಡಿದು, ಇನ್ನೊಂದು ಕೈ ಗೋಡೆಗೆ ಹಚ್ಚಿ, ಗೋಡೆಯ ಬುಡದಲ್ಲೇ ಪಾದ ಅಡ್ಡಡ್ಡ ಇಡುತ್ತ ಬಂದಳು. ಅವಳು ಹೋದ ಮೇಲೆ ನೋಡಿದೆ. ಗೋಡೆಯ ಮೇಲೆ ಕೈ ಎತ್ತರಕ್ಕೆ ಸಣ್ಣಗೆ ಒಂದು ಗೆರೆ ಬೀಳಲು ಶುರುವಾಗಿದೆ.

ನವಮಿ ಬಂತು, ಸುಣ್ಣ ಹಚ್ಚಬೇಕು. ಎಲ್ಲ ಗೋಡೆಗೂ ಹಚ್ಚುತ್ತೇನೆ. ಅದೊಂದಕ್ಕೆ ಮಾತ್ರ ಸುಣ್ಣ ಸಾಲಲಿಲ್ಲ ಎಂದು ಹೇಳೋಣ ಎಂದಿದ್ದೇನೆ.